ಕೊನೆಯ ತುಂಡಿನ ಕೊಸರು

ಮತ್ತೆ ಕೂತಿತು ಹೊಟ್ಟಿನ ಧೂಳು, ಈಗಷ್ಟೇ ಸೆರಗಿನಲ್ಲಿ ಕಂಪ್ಯೂಟರಿನ ಪರದೆ ಒರೆಸಿದ್ದಳು ತ್ರಿವೇಣಿ, ಕೆಳಗೆ ಅಕ್ಕಿ ಗಿರಣಿ ತಿರುಗುವಷ್ಟು ಹೊತ್ತೂ ಇದೇ ಗೋಳು, ಧೂಳಿನ ಹಿಂದೆ ಆ ಹಸಿರು ಗುಂಡಿ, ಒಪ್ಪಿಗೆ, ಐದು ಗಂಟೆಯೊಳಗೆ ಒತ್ತಬೇಕು, ಒತ್ತಿದರೆ ಎರಡು ವರ್ಷ ಅವಳಿಗೂ ಇನ್ನಿಬ್ಬರಿಗೂ ಸಂಬಳ, ತೂಬು ಎಂಬ ತಂತ್ರಾಂಶವನ್ನು ಬುಡದಿಂದ ಹೊಸದಾಗಿ ಬರೆಯುವ ಕೆಲಸ — ಹನ್ನೊಂದು ವರ್ಷ ಬಿಟ್ಟಿ ದುಡಿದ ಮೇಲೆ ಹೊರದೇಶದ ಪ್ರತಿಷ್ಠಾನವೊಂದು ಕಣ್ಣು ಬಿಟ್ಟಿದೆ, ತೂಬು ಅಂದರೇನೆಂದು ಅವ್ವನಿಗೆ ಎಷ್ಟು ಸಲ ಹೇಳಿದ್ದಾಳೋ, ಕೆಟ್ಟ ಲೈನಿನಲ್ಲೂ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾಹಿತಿಯನ್ನು ತುಂಡು ತುಂಡು ಮಾಡಿ ಮುಟ್ಟಿಸುತ್ತದೆ, ಯಾರು ಬೇಕಾದರೂ ಕಾಸಿಲ್ಲದೆ ಒಯ್ಯಬಹುದು, ತಿದ್ದಬಹುದು, ಅವ್ವ ಎಲ್ಲ ಕೇಳಿ ಊರಿಗೆ ಉಪಕಾರಿ ಮನೆಗೆ ಮಾರಿ ಅಂದು ಒಳಗೆ ಹೋಗುತ್ತಾಳೆ, ತಪ್ಪೇನು, ಶುರು ಮಾಡಿದ ಅಣ್ಣ ಹಾಲೇಶನೇ ಕೈಬಿಟ್ಟ, ಕಂಪ್ಲಿಯ ಈ ಗಿರಣಿಗೂ ಬುಕ್ಕಸಾಗರದ ಗೋದಾಮಿಗೂ ನಡುವೆ ಲೈನು ಸತ್ತು ಸತ್ತು ಬದುಕುತ್ತಿದ್ದ ಕಾಲಕ್ಕೆ ಬರೆದದ್ದು, ಕಂಡವರ ದೂರು ಓದಿ ಓದಿ ಸಾಕಾಗಿ ಈಗ ಭತ್ತದ ಚೀಲ ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಮಧ್ಯಾಹ್ನ ಕೇಳಿದರೆ ಸಹಿ ಹಾಕ್ ತಂಗಿ, ನಿಂದೂ ಜೀವ ಐತಿ ಅಂದ, ಮಜ್ಜಿಗೆ ಕುಡಿದು ಎದ್ದುಹೋದ.

ಅಣ್ಣ ಬರೆದ ಕೋಡಿನಲ್ಲಿ ತುಂಡುಗಳ ಎಣಿಕೆ ಒಂದರಿಂದ ಶುರುವಾಗುವುದಿಲ್ಲ, ಲಾಭ, ಎರಡು, ಮೂರು, ಅಪ್ಪ ಕೊಟ್ರಯ್ಯ ಅಂಗಡಿ ಕಟ್ಟೆಯ ಮೇಲೆ ಅಕ್ಕಿ ಅಳೆಯುತ್ತಿದ್ದ ಹಾಗೆಯೇ, ಕಡೆಗೆ ಕೊಸರು — ಕೊನೆಯ ತುಂಡು ಕಳಿಸಿದ ಮೇಲೆ ಯಾರೂ ಕೇಳದಿದ್ದರೂ ಅದನ್ನೇ ಇನ್ನೊಮ್ಮೆ, ಅಪ್ಪ ಸೇರನ್ನು ಅಂಗೈಯಿಂದ ಸಮ ಮಾಡಿ ಸುರಿದು ಮತ್ತೊಂದು ಮುಷ್ಟಿ ಎತ್ತಿ ಕೊಳ್ಳುವವರ ಸೆರಗಿಗೆ ಬಿಚ್ಚುತ್ತಿದ್ದ, ಅಳೆಯೋವಾಗ ಎಲ್ಲೋ ನಾಕ್ ಕಾಳು ಚೆಲ್ಲಿರ್ತಾವವ್ವ, ಕೊಳ್ಳೋರಿಗೆ ಕಮ್ಮಿ ಬೀಳಬಾರ್ದು — ಆ ಮುಷ್ಟಿ ಬಿಚ್ಚುವ ಸದ್ದು ಇನ್ನೂ ಕಿವಿಯಲ್ಲಿದೆ, ಪ್ರತಿಷ್ಠಾನದ ಮೇಡಂಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಹೋಗಿ ಬೆವರಿದ್ದಳು, ಒಳ್ಳೆಯವಳೇ ಆ ಮೇಡಂ, ನಗುತ್ತಲೇ ಹೇಳಿದಳು, ಒಮ್ಮೆ ಕಳಿಸಿದ್ದನ್ನು ಮತ್ತೊಮ್ಮೆ ಯಾಕೆ, ಹೊಸದರಲ್ಲಿ ಇದು ಬೇಡ, ಯೋಜನೆ ಸಮಿತಿಯಲ್ಲಿ ಪಾಸಾಗಿದೆ, ಬದಲಿಸುವುದಿದ್ದರೆ ಮುಂದಿನ ವರ್ಷ ಹೊಸ ಅರ್ಜಿ ಹಾಕಿ, ಹಳೆಯ ತೂಬನ್ನು ಮಾರ್ಚಿಗೆ ಮುಚ್ಚಿ, ತ್ರಿವೇಣಿ ಆಗಲಿ ಅಂದಳು, ತನ್ನ ಬಾಯಿಂದಲೇ ಅಂದಳು, ಅಂದಾಗ ಹೆಗಲಿಂದ ಚೀಲ ಇಳಿದಷ್ಟು ಹಗುರಾಗಿದ್ದೂ ನಿಜ, ಅದಕ್ಕೇ ಈಗ ನಾಚಿಕೆ.

ನಿನ್ನೆ ಆ ಕೊಸರಿಲ್ಲದ ಹೊಸ ತೂಬಿನ ಕರಡನ್ನು ದರೋಜಿಯಾಚೆಯ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ಪ್ರಯೋಗಕ್ಕೆ ಹಾಕಿದ್ದಳು, ಗುಡ್ಡದ ಮರೆಯ ಬಡಕಲು ಸಿಗ್ನಲ್ಲು, ಹನ್ನೊಂದಕ್ಕೆ ನರ್ಸಮ್ಮ ರೇಣುಕಾದೇವಿಯ ಫೋನು, ಅಕ್ಕಾರೆ, ಮಕ್ಕಳ ಸೂಜಿ ಲಿಸ್ಟ್ ಪೂರಾ ಮುಟ್ಟೈತಂತ ತೋರಸ್ತೈತ್ರಿ, ಕಡೀ ಹೆಸರೇ ಇಲ್ಲ, ಗಾಳೆಮ್ಮ ಕೂಸನ್ನ ಎತ್ಕೊಂಡು ಇಲ್ಲೇ ಕುಂತಾಳ, ಏನ್ ಹೇಳ್ಲಿ — ಕೊನೆಯ ತುಂಡು ದಾರಿಯಲ್ಲೇ ಚೆಲ್ಲಿತ್ತು, ಹಳೆಯ ತೂಬಿನಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ, ತ್ರಿವೇಣಿ ಇಲ್ಲಿಂದ ಪಟ್ಟಿ ನೋಡಿ ಹೆಸರು ಓದಿ ಹೇಳಿದಳು, ಅಂಜಿನಿ, ಎಂಟು ತಿಂಗಳು, ನಿನ್ನೆ ಓದಿದಳು ಸರಿ, ಮಾರ್ಚಿನ ಮೇಲೆ ಯಾರು ಓದುತ್ತಾರೆ, ಅವಳಿಗೆ ಗೊತ್ತಿರುವುದು ಒಬ್ಬ ರೇಣುಕಾದೇವಿ, ಗೊತ್ತಿಲ್ಲದವರು ಎಷ್ಟು ಜನ, ಆದರೆ ಇನ್ನೊಂದು ವರ್ಷ ಈ ಧೂಳು, ಈ ದೂರು, ಈ ಬಿಟ್ಟಿ, ಆಗುವುದಿಲ್ಲ, ನಿಜಕ್ಕೂ ಆಗುವುದಿಲ್ಲ, ಐದಕ್ಕೆ ನಾಲ್ಕು ನಿಮಿಷ, ಬೆರಳು ಗುಂಡಿಯ ಮೇಲಿದೆ, ಕೆಳಗೆ ಗಿರಣಿ ನಿಂತಿತು, ಕಣ್ಣ ಮುಂದೆ ಅಪ್ಪ ಸೇರು ಸಮ ಮಾಡಿದ, ಗಾಳೆಮ್ಮ ಸೆರಗು ಒಡ್ಡಿ ನಿಂತಿದ್ದಾಳೆ, ಮುಷ್ಟಿ ಮೇಲೆದ್ದಿದೆ, ಅಕ್ಕಿ ತುಂಬಿದ ಮುಷ್ಟಿ, ಬಿಚ್ಚುತ್ತಿಲ್ಲ, ಯಾಕೆ ಬಿಚ್ಚುತ್ತಿಲ್ಲ ಅಪ್ಪ, ಮಣಿಕಟ್ಟಿನಲ್ಲಿ ಬಳೆ ಇದೆ, ತನ್ನದೇ ಬಳೆ, ಮುಷ್ಟಿ ಬಿಚ್ಚುತ್ತಿಲ್ಲ