ಬೋರ್ಡಿನ ಹಣೆ

ಪರಿಮಳಾ ವೈರುಗಳ ತುದಿ ಸುಲಿಯುತ್ತಿದ್ದಳು. ಕೆಂಪಿನವು ಒಂದು ಕಡೆ, ಕರಿಯವು ಇನ್ನೊಂದು ಕಡೆ. ಗಂಡ ಕಾಂತೇಶ ಅವನ್ನು ಸಣ್ಣ ಎಲ್‌ಇಡಿ ದೀಪಗಳ ಕಾಲಿಗೆ ಬೆಸೆದು ಒಂದೊಂದೇ ಗುಂಡಿಯೊಳಗೆ ಕೂಡಿಸುತ್ತಿದ್ದ. ಶಹಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ಮೊಬೈಲ್ ರಿಪೇರಿ ಅಂಗಡಿ. ಹಳೆ ಕಪಾಟಿಗೆ ಹಳೆ ಟಿವಿ ಜೋಡಿಸಿ, ಮನೆಯಲ್ಲೇ ನಿಂತು ಆಡುವ ಗೇಮಿನ ಮಷಿನ್ ಮಾಡುವ ಹುಚ್ಚು ಅವನಿಗೆ ಹತ್ತಿತ್ತು. ಯಾವ ಗುಂಡಿ ಒತ್ತಿದರೆ ಆ ಗುಂಡಿ ಬೆಳಗಬೇಕು. ಅದನ್ನೆಲ್ಲ ನೋಡಿಕೊಳ್ಳಲು ಅಂಗೈಯಗಲದ ಕಂಟ್ರೋಲರ್ ಬೋರ್ಡು.

"ಕಪಾಟಿನ್ಯಾಗ ನನ್ ಕೈ ಹೋಗಂಗಿಲ್ಲ. ವೈರ್ ನೀನ ಸಿಗಸು. ಮೊದಲ್ನೇ ಆಟ ನಿಂದ," ಎಂದಿದ್ದ.

ಆ ಮಾತಿಗಾಗಿ ಅವಳು ರೊಟ್ಟಿ ಬಡಿದು ಉಳಿದ ಹೊತ್ತನ್ನೆಲ್ಲ ಕಪಾಟಿನೊಳಗೆ ತಲೆ ತೂರಿಸಿ ಕಳೆದಿದ್ದಳು.

ಸ್ವಿಚ್ ಹಾಕುವ ಹೊತ್ತಿಗೆ ಮಾವ ಹಣಮಂತ್ರಾಯ ಸ್ನಾನ ಮುಗಿಸಿ ಬಂದರು. ಪಂಪ್‌ಸೆಟ್ಟು, ಮಿಕ್ಸರು, ಮೋಟರ್ ಸೈಕಲ್ಲು, ಆ ಮನೆಗೆ ಬಂದ ಯಾವ ಯಂತ್ರವೂ ವಿಭೂತಿ ಎಳೆಯುವ ಅವರ ಮೂರು ಬೆರಳಿನಿಂದ ತಪ್ಪಿಸಿಕೊಂಡಿರಲಿಲ್ಲ.

"ಇದರ ಹಣಿ ಎಲ್ಲದ?"

"ಇದಕ್ಕ ಹಣಿ ಇಲ್ಲಪ್ಪ. ತಲಿ ಅಂದ್ರ ಈ ಬೋರ್ಡ," ಎಂದು ಕಾಂತೇಶ ಜಾಣತನ ತೋರಿಸಿದ.

"ತಲಿ ಅದ ಅಂದ್ಮ್ಯಾಗ ಹಣಿ ಇರಬೇಕಲ್ಲ."

ಮಾವ ಅಬ್ಬೆತುಮಕೂರು ಮಠದ ವಿಭೂತಿಯನ್ನು ನೀರಿನಲ್ಲಿ ಕಲಸಿ, ಬೋರ್ಡಿನ ಪಿನ್ನುಗಳ ಸಾಲಿನ ಮೇಲೆ ಹಸಿಹಸಿಯಾಗಿ ಎಳೆದರು.

ಸ್ವಿಚ್ ಹಾಕಿದ್ದೇ ತಡ, ಯಾರೂ ಮುಟ್ಟದೆ ಗುಂಡಿಗಳೆಲ್ಲ ಒಟ್ಟಿಗೆ ಬೆಳಗಿದವು. ಪರದೆಯ ಮೇಲೆ ಗೇಮಿನ ಪೈಲ್ವಾನ ತನ್ನಷ್ಟಕ್ಕೆ ಕುಣಿಯತೊಡಗಿದ. ಅತ್ತೆ ಮರಿಲಿಂಗಮ್ಮ ಕೈ ಮುಗಿದಳು. "ನೋಡ್ರಿ, ಹಚ್ಚಿದ ಕೂಡ್ಲೇ ಹೆಂಗ ಜೀವ ಬಂತು."

"ಹಸಿ ವಿಭೂತಿ ಪಿನ್ನಿಗಿ ಪಿನ್ ಕೂಡಿಸ್ಯಾದ," ಎಂದು ಕಾಂತೇಶ ಹೆಂಡತಿಯ ಕಿವಿಯಲ್ಲಷ್ಟೇ ಅಂದ. ಅಪ್ಪನ ಕಡೆ ತಿರುಗಿ, "ಛಲೋ ಬೆಳಕಪ್ಪ," ಎಂದ.

"ಒರಸ್ರಿ ಮತ್ತ," ಎಂದಳು ಪರಿಮಳಾ.

"ಮಠದ ವಿಭೂತಿ ಒರಸಾಕ ಬರ್ತದೇನ? ಒಣಗಲಿ ತಡಿ," ಎಂದ ಕಾಂತೇಶ.

ಸಂಜೆಗೆ ಒಣಗಿತು. ಗುಂಡಿಗಳು ಒಂದೊಂದಾಗಿ ಆರಿದವು, ಪೈಲ್ವಾನ ನೆಟ್ಟಗೆ ನಿಂತ. ಪರಿಮಳಾ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. ಅಷ್ಟರಲ್ಲಿ ಪಕ್ಕದ ಮನೆಯ ರೇಣಮ್ಮ ಪವಾಡ ನೋಡಲು ಬಂದಳು. ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆಂದು ಮಾವ ಮತ್ತೆ ವಿಭೂತಿ ಕಲಸಿದರು.

ಅಂದಿನಿಂದ ಬೋರ್ಡಿಗೆ ಎರಡು ಹೊತ್ತೂ ವಿಭೂತಿ. ಗೋಗಿ ಊರಿನ ನೆಂಟರು ಆಟೋ ತುಂಬಿಕೊಂಡು ಬಂದು ಕಾಯಿ ಒಡೆಸಿದರು. ಪೈಲ್ವಾನನ ಕೊರಳು ಸಿಗದ್ದರಿಂದ ಹಾರವನ್ನು ಟಿವಿಗೆ ಹಾಕಿದರು. ತಾನು ಕಟ್ಟಿದ ದೇವರೆಂದು ಕಾಂತೇಶ ಬಂದವರಿಗೆಲ್ಲ ವಿವರಿಸಿದ.

"ಆಡೋದ್ ಯಾವಾಗ್ರಿ?" ಎಂದು ರೇಣಮ್ಮ ಕೇಳಿದಳು.

"ಆಡಾಕ ಇದೇನ್ ಆಟದ ಸಾಮಾನೇನ?" ಎಂದಳು ಮರಿಲಿಂಗಮ್ಮ.

ಪರಿಮಳಾ ಒಣ ಅರಿವೆ ಹಿಡಿದು ಕಪಾಟಿನ ಹತ್ತಿರ ಬಂದಳು. ಮಾವ ಬಟ್ಟಲಿಗೆ ನೀರು ಹಾಕುತ್ತಿದ್ದರು. ಕಾಂತೇಶ ಮೊಬೈಲಿನೊಳಗೆ ಮುಖ ಇಟ್ಟಿದ್ದ.

"ಒಂದ್ ಸಲ ಒರಸಾಕ ಬಿಡ್ರಿ. ಒಂದ ಆಟ ಆಡ್ತೀನಿ."