ಭೀಮಿಲಿಯಿಂದ ಮಚಲೀಪಟ್ಟಣಕ್ಕೆ

"ನೀ ಹತ್ತನೇ ಇಯತ್ತೆ ಮುಗಸವ್ವ. ಇಲ್ಲಿಂದ ಮಚಲೀಪಟ್ಟಣದ ತನಕ ಸಮುದ್ರದ ದಂಡಿ ಹಿಡದು ಕಾರಿನ್ಯಾಗ ಹೋಗೂಣು, ನಾವಿಬ್ಬರ" ಎಂದು ಶಂಕರಪ್ಪ ಮಾತು ಕೊಟ್ಟಾಗ ಮಗಳು ಅರ್ಪಿತಾ ಭೀಮಿಲಿ ಬೀಚಿನಲ್ಲಿ ಅವನ ಹೆಗಲ ಮೇಲೆ ಕೂತಿದ್ದಳು. ರಾಣೆಬೆನ್ನೂರು ಕಡೆಯ ಬ್ಯಾಂಕ್ ಅಧಿಕಾರಿ, ವಿಶಾಖಪಟ್ಟಣಕ್ಕೆ ಹೊಸದಾಗಿ ವರ್ಗವಾಗಿ ಬಂದಿದ್ದ. ಸಮುದ್ರ ಕಂಡು ಅವನಿಗೂ ಹುಚ್ಚು ಹಿಡಿದಿತ್ತು.

ಆಮೇಲೆ ಅವನನ್ನು ವಿಜಯವಾಡಕ್ಕೆ ಎತ್ತಿ ಹಾಕಿದರು. ಹೆಂಡತಿ ಗಿರಿಜಾಳ ಆಸ್ಪತ್ರೆ ಕೆಲಸ, ಮಗಳ ಶಾಲೆ ವಿಶಾಖಪಟ್ಟಣದಲ್ಲೇ ಉಳಿದವು. ಅವನು ವಿಜಯವಾಡದ ಪಟಮಟದ ಒಂದು ಕೋಣೆಯಲ್ಲಿ ಅನ್ನ ಬೇಯಿಸಿಕೊಂಡು, ಗವರ್ನರ್‌ಪೇಟೆಯ ಶಾಖೆಯಲ್ಲಿ ದುಡಿದು, ರಜೆ ಸಿಕ್ಕಾಗ ರೈಲು ಹತ್ತಿ ಬರುವ ಅಪ್ಪನಾದ. ಮಗಳ ಬಾಯಲ್ಲಿ ತೆಲುಗು ತುಂಬಿಕೊಂಡಿತು. ಅಪ್ಪ ಅಮ್ಮನೊಡನೆ ಮಾತ್ರ ಕನ್ನಡ.

ಈ ಬೇಸಿಗೆ ಹತ್ತನೇ ತರಗತಿ ಮುಗಿಯಿತು. ಮುಂದಿನ ವಾರದ ಕೊನೆಗೇ ಅವಳು ವಿಜಯವಾಡದ ಇಂಟರ್, ಅಂದರೆ ಪಿಯುಸಿ, ಕಾಲೇಜಿನ ಹಾಸ್ಟೆಲ್ ಸೇರಬೇಕು. ಒಮ್ಮೆ ಒಳಹೊಕ್ಕರೆ ಎರಡು ವರ್ಷ ಪುಸ್ತಕ ಬಿಟ್ಟು ಬೇರೆ ಲೋಕವಿಲ್ಲ. ಅದೇ ಊರಲ್ಲಿದ್ದರೂ ಅಪ್ಪ ಗೇಟಿನ ಹೊರಗಿನವನು. ಹೋಗುವುದಾದರೆ ಈಗಲೇ. ಅವರಿವರ ಕೈಕಾಲು ಹಿಡಿದು ಶಂಕರಪ್ಪ ರಜೆ ಗಿಟ್ಟಿಸಿದ.

ಭಾನುವಾರ ಊಟದ ಮೇಜಿನ ಮೇಲೆ ದಾರಿಯ ನಕ್ಷೆ ಹಾಕಿದರು. ಮೊದಲ ರಾತ್ರಿ ಕಾಕಿನಾಡ. ಅದಕ್ಕೂ ಮುಂಚೆ ಉಪ್ಪಾಡದ ಬಳಿ ಅಲೆ ರಸ್ತೆಗೇ ಹೊಡೆಯುತ್ತದೆ, ನೀರು ಇಳಿದ ಹೊತ್ತು ನೋಡಿ ದಾಟುವುದು. ಆಮೇಲೆ ಯಾನಾಂ, ಅಂತರ್ವೇದಿ. ಅದರಾಚೆ ಗೋದಾವರಿಯನ್ನು ಕಾರಿನ ಸಮೇತ ಪಂಟು ಎಂಬ ದೊಡ್ಡ ದೋಣಿಯ ಮೇಲೆ ದಾಟಬೇಕು. ಅಷ್ಟು ಹೊತ್ತೂ ನಂಬಿಕೆಯಿಲ್ಲದೆ ಕೂತಿದ್ದ ಅರ್ಪಿತಾ ಪಂಟಿನ ಮಾತಿಗೆ ಹತ್ತಿರ ಜರುಗಿ, ಕಾರು ನೀರಿಗೆ ಜಾರಿದರೆ ಏನು ಗತಿ ಎಂದು ಕೇಳಿದಳು.

"ನಿಮ್ಮಪ್ಪ ಈಸಿಕೋಂತ ಬ್ಯಾಂಕಿಗೆ ಹೋಗ್ತಾರ, ನೀ ದಂಡೀಗೆ ಕುಂದ್ರು" ಎಂದಳು ಗಿರಿಜಾ. ಮೂವರೂ ನಕ್ಕರು.

ಸೋಮವಾರ ಹಾಸ್ಟೆಲ್ಲಿನ ಟ್ರಂಕನ್ನು ಡಿಕ್ಕಿಗೆ ಹಾಕಿ ಅಪ್ಪ ಮಗಳು ಹೊರಟರು. ಭೀಮಿಲಿಯಿಂದಲೇ ಶುರುವಾಗಬೇಕೆಂದು ಅವಳ ಹಟ. ಅಲ್ಲಿ ಚಹಾ ಕುಡಿದು ಕಾರು ತಿರುಗಿಸುವಷ್ಟರಲ್ಲಿ ಫೋನು ಬಂತು. ಅವನ ಬದಲಿಗೆ ಕೆಲಸ ನೋಡಿಕೊಳ್ಳುತ್ತಿದ್ದ ಸಾಯಿಲಕ್ಷ್ಮಿ. ಕೌಂಟರಿನ ಮುಂದೆ ಜನ ತುಂಬಿದ್ದಾರೆ, ಸ್ಟ್ರಾಂಗ್‌ರೂಮ್ ತೆಗೆಯಲಾಗುತ್ತಿಲ್ಲ, ಗೊಂಚಲಿನಲ್ಲಿ ಆ ಕೀಲಿ ಇಲ್ಲ ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು.

ಶಂಕರಪ್ಪನ ಕೈ ಸೊಂಟಕ್ಕೆ ಹೋಯಿತು. ಆ ಬಾಗಿಲಿಗೆ ಎರಡು ಕೀಲಿ, ಎರಡೂ ಕೂಡದೆ ಅದು ತೆರೆಯದು. ಒಂದು ಹೆಡ್ ಕ್ಯಾಷಿಯರ್ ಬಳಿ, ಇನ್ನೊಂದು ಇವನ ಬಳಿ. ಕಳೆದುಹೋದೀತೆಂದು ಹೆದರಿ ಇವನು ಅದನ್ನು ಉಡಿದಾರಕ್ಕೆ ಕಟ್ಟಿಕೊಂಡೇ ಓಡಾಡುತ್ತಿದ್ದ, ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಶನಿವಾರ ಸಂಜೆ ಬಾಗಿಲು ಹಾಕಿದವನು ಕೈಯ ರೂಢಿಗೆ ಮತ್ತೆ ಅಲ್ಲಿಗೇ ಕಟ್ಟಿ, ಉಳಿದ ಗೊಂಚಲನ್ನು ಒಪ್ಪಿಸಿ, ಎಲ್ಲ ಕೊಟ್ಟೆನೆಂದು ಸಹಿ ಹಾಕಿ ರೈಲಿಗೆ ಓಡಿದ್ದ. ಇವನು ಎಲ್ಲ ಕೊಟ್ಟಿದ್ದಾನೆಂಬ ನಂಬಿಕೆಯಲ್ಲಿ ಸಾಯಿಲಕ್ಷ್ಮಿ ಎಣಿಸಿ ನೋಡಿರಲಿಲ್ಲ.

ಅಂಥ ಕೀಲಿಯನ್ನು ಬಸ್ಸಿನವನ ಕೈಲಿ ಕಳಿಸುವಂತಿಲ್ಲ, ಹೊತ್ತವನೇ ತರಬೇಕು. ಅಷ್ಟರಲ್ಲಿ ಮೇಲಿನ ಕಚೇರಿಯವರೂ ಕರೆ ಮಾಡಿ, ರಜೆ ರದ್ದಾಗಿದೆ, ನೇರ ಬಂದು ವಿವರಣೆ ಕೊಡಿ ಎಂದರು.

"ಅರ್ಪಿ, ಹೈವೇ ಹಿಡೀಬೇಕವ್ವ ಈಗ."

"ಗೊತ್ತಾತು." ಅವಳು ಸೀಟ್ ಬೆಲ್ಟ್ ಎಳೆದುಕೊಂಡಳು. "ಮತ್ತ ಮನೀಗೆ ಹೋಗೂದು ಬ್ಯಾಡ, ನನ್ನ ಸೀದಾ ಹಾಸ್ಟೆಲ್‌ಗೇ ಬಿಡು. ನಿನ್ನ ಕೋಣ್ಯಾಗ ಒಬ್ಬಾಕಿನ ಕುಂತು ಏನ್ ಮಾಡ್ಲಿ?"

ಅವಳು ಸಿಟ್ಟಾಗಲಿ, ಅಳಲಿ ಎಂದು ಅವನು ಕಾದ. ಅವಳು ಎರಡನ್ನೂ ಮಾಡಲಿಲ್ಲ. ಅನಕಾಪಲ್ಲಿ, ತುನಿ, ರಾಜಮಂಡ್ರಿ. ದಾರಿಯುದ್ದಕ್ಕೂ ಲಾರಿಗಳ ಬೆನ್ನು. ಎಲ್ಲೋ ಒಂದು ಕಡೆ, ಮುಂದಿನ ಬೇಸಿಗೆಗೆ ಎಂದು ಅವನು ಬಾಯಿ ತೆರೆದ.

"ಬ್ಯಾಡಪ್ಪ. ಇನ್ನ ಹೇಳಬ್ಯಾಡ."

ಅವನು ಶಾಖೆಗೆ ಕೀಲಿ ಮುಟ್ಟಿಸಿ, ಮೇಲಿನವರ ಮುಂದೆ ತಲೆ ತಗ್ಗಿಸಿ ನಿಂತು ಬರುವವರೆಗೆ ಅವಳು ಕಾರಿನಲ್ಲೇ ಕೂತಿದ್ದಳು. ಹಾಸ್ಟೆಲ್ಲಿನ ವಾರ್ಡನ್ ಸೂರ್ಯಕಾಂತಮ್ಮ, ಎಲ್ಲರಿಗಿಂತ ಮೊದಲೇ ಬಂದ ಹುಡುಗಿ ಎಂದು ಮೆಚ್ಚಿ, ಅವಳ ಫೋನು ಇಸಿದುಕೊಂಡಳು. ಅರ್ಪಿತಾ ಟ್ರಂಕನ್ನು ತಾನೇ ಎಳೆದುಕೊಂಡು ಒಳಗೆ ಹೋದಳು.

ಶಂಕರಪ್ಪ ಮಗಳನ್ನು ಸಮುದ್ರದ ದಂಡೆ ಹಿಡಿದು ಕರೆದುಕೊಂಡು ಹೋಗಲಿಲ್ಲ. ಕೊಟ್ಟ ಮಾತು ಮುರಿಯಿತು.