ಇಣುಕುಗನ್ನಡಿ

ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವುದು ನನ್ನ ಕೆಲಸ. ಓದಲು ಅರ್ಧ ನಿಮಿಷ ಸಾಕು. ಉಳಿದ ಎರಡು ನಿಮಿಷ ಆ ಮನೆಯವರ ಮೆಟ್ಟಿಲ ಕೆಳಗೆ ಏನಿದೆ, ಒಳಗಿನ ಕೋಣೆಗೆ ಹಗಲಲ್ಲೇ ಯಾಕೆ ಬೀಗ ಎಂದು ನೋಡುತ್ತಿರುತ್ತೇನೆ. ಹುಟ್ಟುಗುಣ, ಏನು ಮಾಡುವುದು. ಅಪ್ಪ ಚಿಕ್ಕಂದಿನಿಂದಲೂ ನನ್ನನ್ನು ಪತ್ತೇದಾರಿ ಎಂದೇ ಕರೆಯುತ್ತಾರೆ. ಆದರೆ ಊರವರ ಮನೆಯಲ್ಲೆಲ್ಲ ಮೂಗು ತೂರಿಸಿದವಳಿಗೆ ತನ್ನ ಮನೆಯ ಒಂದು ಸಂಗತಿ ಮಾತ್ರ ಪತ್ತೆಯಾಗಿರಲಿಲ್ಲ. ನಾನು ಆರು ವರ್ಷದವಳಿದ್ದಾಗ ಅಪ್ಪ ವಿಮಾನ ರಿಪೇರಿಯ ಕೆಲಸ ಬಿಟ್ಟು ಹೊಲಿಗೆ ಮಷೀನು ರಿಪೇರಿಗೆ ಯಾಕೆ ಕೂತರು?

ಕೇಳಿದಾಗಲೆಲ್ಲ ಒಂದೇ ಉತ್ತರ, ಬೇಜಾರಾಯಿತು, ಬಿಟ್ಟೆ. ಶುದ್ಧ ಸುಳ್ಳು. ಬೇಜಾರಾಗಿ ಬಿಟ್ಟವರು ಆಕಾಶದಲ್ಲಿ ಸದ್ದಾದ ಕೂಡಲೇ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಆ ಸದ್ದು ಪೂರ್ತಿ ಅಡಗುವವರೆಗೆ ಉಸಿರು ಬಿಗಿಹಿಡಿದು ಕೂರುವುದಿಲ್ಲ. ಅಷ್ಟಾದರೂ ಅಪ್ಪ ಒಂದು ಸಲವೂ ತಲೆ ಎತ್ತಿ ನೋಡುತ್ತಿರಲಿಲ್ಲ.

ಹಾಗಾಗಿ ಕಳೆದ ವಾರ ಅವರು ಪೇಪರಿನಿಂದ ಕತ್ತರಿಸಿದ ಒಂದು ತುಂಡನ್ನು ನನ್ನ ತಟ್ಟೆಯ ಪಕ್ಕದಲ್ಲಿಟ್ಟು, ಇಲ್ಲಿಗೆ ಕರೆದುಕೊಂಡು ಹೋಗುತ್ತೀಯಾ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಹಳೆಯ ವಿಮಾನಗಳ ಪ್ರದರ್ಶನ, ಕಾರಿನಲ್ಲಿ ಆರು ಗಂಟೆಯ ದಾರಿ. ಚಿತ್ರದಲ್ಲಿ ಇಬ್ಬರು ಕೂರುವ ಹಳದಿ ಬಣ್ಣದ ಪುಟ್ಟ ವಿಮಾನ, ಒಂದರ ಮೇಲೊಂದು ಎರಡು ಜೊತೆ ರೆಕ್ಕೆ. ಮೂವತ್ತು ವರ್ಷ ಶೆಡ್ಡಿನಲ್ಲಿ ಬಿದ್ದಿದ್ದ ಈ ವಿಮಾನ ದುರಸ್ತಿಯಾಗಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಮತ್ತೆ ಹಾರಲಿದೆ ಎಂದು ಕೆಳಗೆ ಬರೆದಿತ್ತು. ಮೂರು ಎಂಬುದರ ಕೆಳಗೆ ಅಪ್ಪ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಅವರಿಗೆ ಈಗ ಎಪ್ಪತ್ತಮೂರು. ಆ ಕೈಗೆ ಗೆರೆ ಇಷ್ಟು ಒತ್ತಿ ಎಳೆಯುವ ಶಕ್ತಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಏಳಕ್ಕೆ ಹೊರಟೆವು. ಇನ್ನು ಆರು ಗಂಟೆ ಕಾರಿನಲ್ಲಿ ನನ್ನ ಕೈಗೆ ಸಿಕ್ಕಿದ್ದಾರೆ, ಬಾಯಿ ಬಿಡಿಸದೆ ಇರುತ್ತೇನೆಯೇ ಎಂದುಕೊಂಡಿದ್ದೆ. ಎಷ್ಟು ಹಾರುತ್ತಿತ್ತು ಅದು, ಯಾರು ಹಾರಿಸುತ್ತಿದ್ದರು, ನೀವು ಕೂತಿದ್ದಿರಾ ಎಂದು ಸುತ್ತಿ ಬಳಸಿ ಕೇಳಿದೆ. ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ನನಗೆ ರೇಗಿಹೋಯಿತು. ಅರ್ಧ ದಾರಿಯ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ವಿಷಯ ಏನು ಅಂತ ಹೇಳದಿದ್ದರೆ ಇಲ್ಲಿಂದಲೇ ವಾಪಸ್ ಎಂದೆ. ಅಪ್ಪ ಕಾಗದದ ಲೋಟದಲ್ಲಿದ್ದ ಚಹಾವನ್ನೇ ನೋಡುತ್ತ ಹೇಳತೊಡಗಿದರು.

ಅವರ ಕಾರ್ಖಾನೆಯ ಗೋಡೆಗೆ ಒಂದು ದೊಡ್ಡ ಹಲಗೆ ಇತ್ತಂತೆ. ರಿಪೇರಿಗೆ ಬಳಸುವ ಪ್ರತಿ ಸಾಮಾನಿನ ಆಕಾರವನ್ನೂ ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದರು. ಸಂಜೆ ಪ್ರತಿ ಸಾಮಾನೂ ತನ್ನ ಆಕಾರದ ಮೇಲೆ ನೇತಾಡಬೇಕು. ಒಂದು ಆಕಾರ ಖಾಲಿ ಇದ್ದರೂ ಯಾವ ವಿಮಾನವೂ ಹೊರಗೆ ಹೋಗುವಂತಿಲ್ಲ. ಒಳಗೆ ಉಳಿದ ಸಾಮಾನು ವಿಮಾನವನ್ನು ತಿರುಗಿಸುವ ತಂತಿಗೆ ಸಿಕ್ಕಿಕೊಂಡರೆ ಅಲ್ಲಿಗೆ ಮುಗಿಯಿತು. ಆ ಸಂಜೆ ಹಳದಿ ವಿಮಾನದ ಕೆಳರೆಕ್ಕೆಯ ಮುಚ್ಚಳ ಹಾಕಿದವರು ಅಪ್ಪ. ನನಗೆ ಜ್ವರ ಎಂದು ಫೋನ್ ಬಂದಿತ್ತಂತೆ. ಹಲಗೆ ನೋಡದೆಯೇ, ಎಲ್ಲಾ ಸರಿಯಾಗಿದೆ ಎಂದು ಸಹಿ ಹಾಕಿ ಮನೆಗೆ ಓಡಿ ಬಂದಿದ್ದಾರೆ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಒಂದು ಆಕಾರ ಖಾಲಿ, ವಿಮಾನ ಆಗಲೇ ಮೇಲೆ.

ನಲವತ್ತು ನಿಮಿಷ ಮೈದಾನದಲ್ಲಿ ನಿಂತಿದ್ದರಂತೆ. ವಿಮಾನವೇನೋ ಸುಖವಾಗಿ ಇಳಿಯಿತು. ಆಗಲಾದರೂ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಆ ಮಧ್ಯಾಹ್ನವೇ ಅದನ್ನು ಕೊಂಡವರು ಬಂದು ಹಾರಿಸಿಕೊಂಡು ಹೋದರು. ಕಳೆದ ಸಾಮಾನಿನ ಬದಲಿಗೆ ಅಪ್ಪ ಹಲ್ಲಿನ ಡಾಕ್ಟರು ಬಳಸುವಂಥದ್ದೊಂದನ್ನು ತಂದು ಆ ಖಾಲಿ ಆಕಾರಕ್ಕೆ ನೇತುಹಾಕಿದರು.

"ಯಾರಿಗೂ ಗೊತ್ತಾಗ್ಲಿಲ್ಲ ಕಣೆ. ಅದನ್ನೇ ನನಗೆ ತಡ್ಕೊಳ್ಳೋಕಾಗ್ಲಿಲ್ಲ. ಇಂಥ ಕೈ ವಿಮಾನ ಮುಟ್ಟಬಾರದು ಅನ್ನಿಸ್ತು. ತಿಂಗಳೊಳಗೆ ಬಿಟ್ಟೆ."

ಕಳೆದದ್ದು ಯಾವ ಸಾಮಾನು ಎಂದು ಕೇಳಿದೆ. ಕೇಳದೆ ಇರಬಹುದಿತ್ತು.

"ಇಣುಕುಗನ್ನಡಿ. ಒಂದು ಉದ್ದ ಕಡ್ಡಿ, ತುದೀಲಿ ಬಾಟ್ಲಿ ಮುಚ್ಚಳದಷ್ಟು ಕನ್ನಡಿ. ಕೈ ಹೋಗದ ಕಡೆ ಇಣುಕಿ ನೋಡೋಕೆ."

ಆ ಕನ್ನಡಿ ನನಗೆ ಗೊತ್ತಿತ್ತು. ಜ್ವರದಲ್ಲಿದ್ದ ನನ್ನನ್ನು ಅಪ್ಪ ಎತ್ತಿಕೊಂಡಾಗ ಅವರ ಅಂಗಿಯ ಜೇಬಿನಿಂದ ಎಳೆದು ದಿಂಬಿನ ಕೆಳಗೆ ಸೇರಿಸಿದ್ದೆ. ಮರುದಿನ ಅಮ್ಮ ಮಲಗಿದ್ದಾಗ ಅದನ್ನು ಹಿಡಿದು ಮನೆಯೆಲ್ಲ ಸುತ್ತಿದ್ದೆ. ಬೀರುವಿನ ಕೆಳಗೆ, ನನ್ನದೇ ಬಾಯಿಯೊಳಗೆ, ಕೊನೆಗೆ ಬಚ್ಚಲ ಮೋರಿಯೊಳಗೆ. ಮೋರಿಯಲ್ಲಿ ಕೈಜಾರಿ ಹೋಯಿತು. ಆ ಸಂಜೆ ಅಪ್ಪ ಮಂಚದ ಪಕ್ಕ ಕೂತು, ಜೇಬಿನಿಂದ ಏನಾದರೂ ತೆಗೆದೆಯಾ ಪುಟ್ಟಾ ಎಂದು ಕೇಳಿದ್ದರು. ಇಲ್ಲ ಎಂದೆ. ಅವರು ನಂಬಿದರು, ಎರಡನೆಯ ಸಲ ಕೇಳಲೇ ಇಲ್ಲ. ನನ್ನ ಮಟ್ಟಿಗೆ ಅದು ಮೋರಿಗೆ ಬಿದ್ದ ಒಂದು ಆಟದ ಸಾಮಾನು, ಅಷ್ಟೇ. ಅದಕ್ಕೂ ಅಪ್ಪನ ಕೆಲಸಕ್ಕೂ ಗಂಟು ಹಾಕಬೇಕೆಂದು ಈ ಪತ್ತೇದಾರಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ, ಹೆದರಿದೆ. ಒಬ್ಬ ಮನುಷ್ಯನ ನಲವತ್ತು ವರ್ಷವನ್ನು ಮೋರಿಗೆ ಹಾಕಿದವಳು ನಾನು ಎಂದು ಹೆತ್ತ ಅಪ್ಪನಿಗೆ ಯಾವ ಮಾತಿನಲ್ಲಿ ಹೇಳುವುದು? ಅದರ ಬದಲು ತಲೆಹರಟೆ ಶುರು ಮಾಡಿದೆ. ದುರಸ್ತಿ ಮಾಡಿದವರು ಎಲ್ಲಾ ಬಿಚ್ಚಿ ನೋಡಿರುತ್ತಾರೆ, ಆಮೇಲೂ ಹತ್ತು ವರ್ಷ ಹಾರಿದೆಯಲ್ಲ, ಈಗ ಹೋಗಿ ಮರ್ಯಾದೆ ಯಾಕೆ ಕಳೆದುಕೊಳ್ಳುತ್ತೀರಿ ಎಂದೆ.

"ನನ್ನ ಮರ್ಯಾದೆ ಹಾಳಾಗಿ ಹೋಗಲಿ. ಅದರಲ್ಲಿ ಇಬ್ಬರು ಕೂರ್ತಾರೆ."

ಅಲ್ಲಿಂದ ಮುಂದೆ ಕಾರನ್ನು ಬೇಕೆಂದೇ ನಿಧಾನ ಓಡಿಸಿದೆ. ಮೂರು ದಾಟಿದ ಮೇಲೆ ತಲುಪಿದರೆ ವಿಮಾನ ಹಾರಿ ಇಳಿದಿರುತ್ತದೆ, ಹೇಳುವ ಪ್ರಮೇಯವೇ ಇಲ್ಲ ಎಂಬ ದುರಾಸೆ. ಸೈಕಲ್ಲಿನವನು ಕೂಡ ನಮ್ಮನ್ನು ಹಿಂದೆ ಹಾಕುವಂತಾದಾಗ ಅಪ್ಪ ಗಡಿಯಾರ ತೋರಿಸಿ, ಎತ್ತಿನ ಗಾಡಿ ಓಡಿಸುತ್ತಿದ್ದೀಯಾ ಎಂದು ಗದರಿದರು. ಅಂತೂ ಎರಡೂಕಾಲಿಗೆ ಮುಟ್ಟಿದೆವು.

ದೊಡ್ಡ ಹುಲ್ಲಿನ ಮೈದಾನ, ಹಗ್ಗ ಕಟ್ಟಿದ ದಾರಿ. ಆಗಲೂ ನನ್ನ ಕಣ್ಣು ಸುಮ್ಮನಿರಲಿಲ್ಲ. ಒಂದು ವಿಮಾನದ ಸೀಟು ಬೆತ್ತದ್ದು, ನಮ್ಮ ವರಾಂಡದ ಕುರ್ಚಿಯ ಹಾಗೆ. ಪ್ರತಿ ಎಂಜಿನ್ನಿನ ಕೆಳಗೂ ತೊಟ್ಟಿಕ್ಕುವ ಎಣ್ಣೆಗೆ ತಟ್ಟೆ ಇಟ್ಟಿದ್ದರು. ಹಳದಿ ವಿಮಾನದ ರೆಕ್ಕೆ ಬಟ್ಟೆಯದ್ದು! ಮರದ ಪಟ್ಟಿಗಳ ಮೇಲೆ ಬಟ್ಟೆ ಬಿಗಿದು, ಹೊಲಿದು, ಮೇಲೆ ಬಣ್ಣ ಹೊಡೆದಿದ್ದಾರೆ. ಹೊಲಿಗೆಗಳ ನಡುವಿನ ಅಂತರವನ್ನು ಅಪ್ಪ ಹೆಬ್ಬೆರಳಿನಿಂದ ಅಳೆದು, ಚೆನ್ನಾಗಿ ಮಾಡಿದ್ದಾರೆ ಎಂದರು. ಆಮೇಲೆ ಹಗ್ಗ ದಾಟಿ, ಕೈ ಒರೆಸಿಕೊಳ್ಳುತ್ತ ನಿಂತಿದ್ದ ಹೆಂಗಸಿನ ಹತ್ತಿರ ಹೋದರು.

ಆಕೆ ಅಲ್ಲಿನ ಹೆಡ್ ಮೆಕ್ಯಾನಿಕ್ಕು. ವಯಸ್ಸು ನನ್ನಷ್ಟೇ, ದಾರ ಕಟ್ಟಿದ ಕನ್ನಡಕ ಕೊರಳಲ್ಲಿತ್ತು. ಅಪ್ಪ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು, ಹಲ್ಲಿನ ಡಾಕ್ಟರ ಕನ್ನಡಿಯನ್ನೂ ಬಿಡದೆ. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಎಂಜಿನ್ ಶುರು ಮಾಡಬೇಡಿ ಎಂದು ಪೈಲಟ್ಟಿಗೆ ಕೈ ಎತ್ತಿ ತೋರಿಸಿ, ಯಾವ ಮುಚ್ಚಳ ಎಂದು ಕೇಳಿದಳು. ನಾವು ಇಡೀ ರೆಕ್ಕೆ ಬಿಚ್ಚಿ ಹೊಸದಾಗಿ ಕಟ್ಟಿದ್ದೇವೆ, ಕಣಜದ ಗೂಡೊಂದು ಬಿಟ್ಟರೆ ಏನೂ ಸಿಗಲಿಲ್ಲ, ಆದರೂ ನೀವೇ ನೋಡಿ ಎಂದು ಕನ್ನಡಕ ಏರಿಸಿ ಆರು ಸ್ಕ್ರೂ ಬಿಚ್ಚಿ ಟಾರ್ಚು ಕೊಟ್ಟಳು.

ಅಪ್ಪ ಮೊಣಕಾಲೂರಿ ಬಹಳ ಹೊತ್ತು ನೋಡಿದರು. ಮೂರು ಗಂಟೆ ಆಯಿತು. ಸ್ವಲ್ಪ ತಡವಾಗುತ್ತದೆ ಎಂದು ಮೈಕಿನಲ್ಲಿ ಹೇಳಿದರು. ಅಪ್ಪ ಎದ್ದಾಗ ಅವರ ಮುಖ ಇನ್ನೂ ಬಿಳಿಚಿಕೊಂಡಿತ್ತು. ಇಲ್ಲಿಲ್ಲ ಎಂದರೆ ಒಳಗೆ ಜಾರಿದೆ, ಹೊಟ್ಟೆಯ ಭಾಗಕ್ಕೆ ಹೋಗಿರಬೇಕು, ಇವತ್ತು ಹಾರಿಸಬೇಡಿ ಎಂದು ಪಟ್ಟು ಹಿಡಿದರು. ಹೊಟ್ಟೆಯ ಭಾಗವನ್ನೂ ಬಿಚ್ಚಿದ್ದೆವು ಎಂದಳು ಆಕೆ. ಅಪ್ಪ ತಲೆ ಅಲ್ಲಾಡಿಸುತ್ತಲೇ ಇದ್ದರು. ಆಕೆ ಕನ್ನಡಕ ತೆಗೆದು, ಪೈಲಟ್ಟಿನ ಮುಖ ನೋಡಿ ನಿಟ್ಟುಸಿರು ಬಿಟ್ಟಳು.

"ಮುಚ್ಚಿದವರೇ ಬೇಡ ಅಂದ ಮೇಲೆ ನಾನು ಹಾರಿಸೋದಿಲ್ಲ," ಎಂದು ಮೈಕಿನವನ ಕಡೆ ಹೊರಟಳು.

"ನಿಲ್ಲಿ," ಎಂದೆ. "ಅಪ್ಪಾ, ಅದು ಇದರೊಳಗೆ ಯಾವತ್ತೂ ಇರಲಿಲ್ಲ. ನಿಮ್ಮ ಜೇಬಿಂದ ನಾನು ತೆಗೆದಿದ್ದೆ. ಬಚ್ಚಲ ಮೋರಿಗೆ ಬಿತ್ತು. ನೀವು ಕೇಳಿದಾಗ ಸುಳ್ಳು ಹೇಳಿದೆ."

ಅಪ್ಪ ನನ್ನನ್ನು ನೋಡಿದರು. ಆಮೇಲೆ ತೆರೆದಿದ್ದ ರೆಕ್ಕೆಯನ್ನು ನೋಡಿದರು.

"ಹಾಗಾದ್ರೆ ನಾನು ಸರಿಯಾಗೇ ಮುಚ್ಚಿದ್ದೆ," ಎಂದರು, ಮೆಲ್ಲಗೆ.

ಹೌದು ಎನ್ನಲು ಹೋದೆ, ಅಳು ಬಂದುಬಿಟ್ಟಿತು. ಹೆಡ್ ಮೆಕ್ಯಾನಿಕ್ಕು ಸ್ಕ್ರೂಡ್ರೈವರನ್ನು ಅಪ್ಪನ ಕೈಗಿಟ್ಟಳು. ಅಪ್ಪ ಆರೂ ಸ್ಕ್ರೂಗಳನ್ನು ಹಾಕಿ, ಒಂದೊಂದನ್ನೂ ಉಗುರಿನಿಂದ ಮುಟ್ಟಿ ನೋಡಿದರು.

ವಿಮಾನ ಮೇಲೆದ್ದಿತು. ಅಪ್ಪ ಕತ್ತು ಎತ್ತಿದವರು ಇಳಿಸಲೇ ಇಲ್ಲ. ಅದು ಎಡಕ್ಕೆ ವಾಲಿದರೆ ತಾವೂ ಎಡಕ್ಕೆ ವಾಲುತ್ತಿದ್ದರು. ಪಕ್ಕದಲ್ಲಿ ಸುಮ್ಮನೆ ನಿಂತಿರಲು ನನ್ನಿಂದ ಆಗಲಿಲ್ಲ.

"ಏನಾದರೂ ಬೈಯಿರಿ ಅಪ್ಪಾ."

"ಬೈತೀನಿ. ಅದು ಇಳೀಲಿ ಮೊದಲು."

ಇಳಿಯಿತು. ಎಂಜಿನ್ ನಿಂತಿತು. ಅಪ್ಪ ನನ್ನ ಕಡೆ ತಿರುಗಿ ಬೈದರು ನೋಡಿ! ಜೇಬಿಗೆ ಕೈ ಹಾಕಿದ್ದಕ್ಕೆ, ಸುಳ್ಳು ಹೇಳಿದ್ದಕ್ಕೆ, ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ನಿಜ ಮುಚ್ಚಿಟ್ಟಿದ್ದಕ್ಕೆ, ಎಲ್ಲದಕ್ಕೂ. ಸುತ್ತಲಿನವರು ವಿಮಾನ ಬಿಟ್ಟು ನಮ್ಮನ್ನೇ ನೋಡತೊಡಗಿದರು. ನಲವತ್ತಾರು ವರ್ಷದ ನಾನು ಕೈಕಟ್ಟಿ, ತಲೆ ತಗ್ಗಿಸಿ ನಿಂತು ಅಷ್ಟನ್ನೂ ಕೇಳಿದೆ. ಇನ್ನೂ ಬೈಯಲಿ ಎನ್ನಿಸುತ್ತಿತ್ತು. ಆದರೆ, ನಲವತ್ತು ವರ್ಷ ಕಣೆ, ಎಂದವರು ಹಾಗೇ ಹುಲ್ಲಿನ ಮೇಲೆ ಕೂತುಬಿಟ್ಟರು.

ನಾನೂ ಕೂತು ಅವರ ಕೈ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಜನ ಮುಂದಿನ ವಿಮಾನದ ಕಡೆ ಹೋದರು.

"ಎಷ್ಟು ದಿನ ಇತ್ತು ಅದು ನಿನ್ನ ಹತ್ರ?"

"ಒಂದೇ ದಿನ ಅಪ್ಪಾ."

ಅಪ್ಪ ಹುಲ್ಲಿನ ಒಂದು ಕಡ್ಡಿ ಕಿತ್ತರು.

"ಚೆನ್ನಾಗಿ ಕಾಣ್ತಿತ್ತಾ ಅದರಲ್ಲಿ?"

"ಎಲ್ಲಾ ಕಾಣ್ತಿತ್ತು," ಎಂದೆ.